ಇಂದಿನ ಧಮ್ಮ ಚಿಂತನೆ: ಪ್ರಜ್ಞೆ ಮತ್ತು ಕರುಣೆ





ಎಲ್ಲೋ ನಮ್ಮವರ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದ ದಿನ ನಮ್ಮ ಬಳಗದಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. ಕೆಲವರು ಕೂಡಲೇ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಹುಡುಕುತ್ತಾರೆ. ಕೆಲವರಿಗೆ ಅಂದು ಅನ್ನವೇ ಇಳಿಯುವುದಿಲ್ಲ. ಇವರು ಅವರನ್ನು ಕಲ್ಲೆದೆಯವರು ಎನ್ನುತ್ತಾರೆ, ಅವರು ಇವರನ್ನು ಬರೀ ಭಾವುಕರು ಎನ್ನುತ್ತಾರೆ. ಆಗೆಲ್ಲ ನನಗೆ ಬಾಬಾಸಾಹೇಬರ ಬದುಕಿನ ಮೂರು ಘಟ್ಟಗಳು ನೆನಪಾಗುತ್ತವೆ.

*1917, ಬರೋಡ.* ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬಂದ 26ರ ಯುವಕ ಸಂಸ್ಥಾನದ ನೌಕರಿಗೆ ಸೇರಿದರು. ಇರಲು ಮನೆಯಿಲ್ಲ. ಪಾರ್ಸಿ ವಸತಿಗೃಹದಲ್ಲಿ ಬೇರೆ ಹೆಸರಿನಲ್ಲಿ ಉಳಿದರು. ಜಾತಿ ತಿಳಿದಾಗ ದೊಣ್ಣೆ ಹಿಡಿದ ಗುಂಪು ಬಂತು. ಗೆಳೆಯರ ಮನೆಯಲ್ಲೂ ಜಾಗವಾಗಲಿಲ್ಲ. ಮುಂಬೈ ರೈಲಿಗೆ ಇನ್ನೂ ಐದು ಗಂಟೆಯಿತ್ತು. ಉದ್ಯಾನವೊಂದರಲ್ಲಿ ಕುಳಿತು ತಂದೆತಾಯಿಯನ್ನು ನೆನೆದರು. ಎಷ್ಟೋ ವರ್ಷಗಳಾದರೂ ಆ ದಿನ ನೆನಪಾದರೆ ಅವರ ಕಣ್ಣು ತುಂಬುತ್ತಿತ್ತು. ಆ ನೋವು ಅವರ ಓದನ್ನು ನಿಲ್ಲಿಸಲಿಲ್ಲ. 1920ರಲ್ಲಿ ‘ಮೂಕನಾಯಕ’ ಪತ್ರಿಕೆ ತಂದರು, ಅದೇ ವರ್ಷ ಮತ್ತೆ ಲಂಡನ್ನಿಗೆ ಹೋದರು, ರೂಪಾಯಿಯ ಸಮಸ್ಯೆ ಕುರಿತು ಬರೆದು 1923ರಲ್ಲಿ ಡಿ.ಎಸ್‌ಸಿ. ಪಡೆದರು.

*1927, ಮಹಾಡ್.* ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಮುಟ್ಟಿದ ಜನರ ಮೇಲೆ ಹಲ್ಲೆಯಾಯಿತು. ನಮ್ಮವರು ತಿರುಗಿ ಬೀಳಲು ಸಿದ್ಧರಿದ್ದರು. ಬಾಬಾಸಾಹೇಬರು ತಡೆದರು. ಡಿಸೆಂಬರಿನಲ್ಲಿ ಸಾವಿರಾರು ಮಂದಿ ಮತ್ತೆ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಎದುರಿಗಿತ್ತು. ಆಗ ಕೆರೆಯ ಸತ್ಯಾಗ್ರಹವನ್ನು ಮುಂದೂಡಿದರು. ಹಾಗೆಂದು ಜನರ ಸಿಟ್ಟನ್ನು ಕಡೆಗಣಿಸಲಿಲ್ಲ. ಅದೇ ಸಮ್ಮೇಳನದಲ್ಲಿ, ಡಿಸೆಂಬರ್ 25ರಂದು, ಮನುಸ್ಮೃತಿ ಸುಟ್ಟಿತು. ನೀರಿನ ಹಕ್ಕಿಗಾಗಿ ಹತ್ತು ವರ್ಷ ಕೋರ್ಟು ಅಲೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು.

*1935, ಯೇವಲಾ.* ಆ ಮೇ ತಿಂಗಳಲ್ಲಿ ತಾಯಿ ರಮಾಬಾಯಿ ತೀರಿಕೊಂಡಿದ್ದರು. ಅಕ್ಟೋಬರ್ 13ರಂದು, ಹಿಂದೂವಾಗಿ ಸಾಯುವುದಿಲ್ಲವೆಂದು ಬಾಬಾಸಾಹೇಬರು ಘೋಷಿಸಿದರು. ಬೆಂದ ಎದೆಯಿಂದ ಬಂದ ಮಾತು ಅದು. ಮರುದಿನವೇ ಯಾವುದೋ ಧರ್ಮಕ್ಕೆ ಸೇರಬಹುದಿತ್ತು, ಕರೆಯುವವರಿಗೂ ಕೊರತೆಯಿರಲಿಲ್ಲ. ಅವರು ಓದಿದರು, ಹೋಲಿಸಿದರು, ಪ್ರಶ್ನಿಸಿದರು. ನಾಗಪುರದ ದೀಕ್ಷೆ ನಡೆದದ್ದು 1956ರ ಅಕ್ಟೋಬರ್ 14ರಂದು, 21 ವರ್ಷಗಳ ಮೇಲೆ. ತೀರಿಕೊಂಡ ಮೇಲೆ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪ್ರಜ್ಞೆಯನ್ನೂ ಕರುಣೆಯನ್ನೂ ಧಮ್ಮದ ಎರಡು ಆಧಾರಸ್ತಂಭಗಳಾಗಿ ಇಟ್ಟರು.

ನಾನು ಕಂಡುಕೊಂಡದ್ದು ಇಷ್ಟು: ಯಾವುದಕ್ಕಾಗಿ ದುಡಿಯಬೇಕು ಎಂಬುದನ್ನು ಅವರಿಗೆ ನೋವು ತೋರಿಸಿತು. ಹೇಗೆ ದುಡಿಯಬೇಕು ಎಂಬುದನ್ನು ವಿಚಾರ ತೋರಿಸಿತು. ಅವರು ಒಂದನ್ನು ಹತ್ತಿಕ್ಕಿ ಇನ್ನೊಂದನ್ನು ಬೆಳೆಸಲಿಲ್ಲ. ನೋವಿಲ್ಲದ ವಿಚಾರ ಬರೀ ವಕೀಲಿಕೆಯಾಗುತ್ತದೆ. ವಿಚಾರವಿಲ್ಲದ ನೋವು ನಾಲ್ಕು ದಿನ ಉರಿದು ಆರುತ್ತದೆ. ಅಂಥ ಸಿಟ್ಟಿಗೆ ಎದುರಾಳಿ ಹೆದರುವುದಿಲ್ಲ, ಆರುವ ತನಕ ಕಾಯುತ್ತಾನೆ.

*ಇಂದಿನ ಅಭ್ಯಾಸ:* ನಮ್ಮ ಸ್ವಭಾವ ಯಾವ ಕಡೆ ವಾಲುತ್ತದೆ ಎಂದು ನೋಡಿಕೊಳ್ಳೋಣ. ಮುಂದಿನ ಬಾರಿ ಕೆಟ್ಟ ಸುದ್ದಿ ಬಂದಾಗ, ಸೆಕ್ಷನ್ ಹುಡುಕುವವರು ಮೊದಲು ಆ ಮನೆಯವರ ಜೊತೆ ಸ್ವಲ್ಪ ಹೊತ್ತು ಕೂರಲಿ. ಕಣ್ಣೀರಿಡುವವರು ಕಣ್ಣೊರೆಸಿಕೊಂಡು ನಡೆದದ್ದನ್ನು ದಿನಾಂಕ, ಸಮಯ, ಸಾಕ್ಷಿಗಳ ಸಮೇತ ಬರೆದಿಡಲಿ. ಎಫ್‌ಐಆರ್ ದಾಖಲಿಸುವಾಗ ಬೇಕಾಗುವುದು ಆ ಹಾಳೆಯೇ.

ಭವತು ಸಬ್ಬ ಮಂಗಲಂ 🪷
ಜೈ ಭೀಮ್