ಪಳವಣಕರ ಬಾಳೂ

ಪಳವಣಕರ ಬಾಳೂ ಜನಿಸಿದ್ದು 1876ರ ಮಾರ್ಚ್ 19ರಂದು, ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಳವಣ ಗ್ರಾಮ. ಜಾತಿ ಚಮ್ಮಾರ, ಅಂದಿನ ಸಮಾಜದ ಲೆಕ್ಕದಲ್ಲಿ ಅಸ್ಪೃಶ್ಯ. ತಂದೆ ಸೇನೆಯ ಚಾಕರಿಯಲ್ಲಿದ್ದುದರಿಂದ ಬೆಳೆದದ್ದು ಪುಣೆಯಲ್ಲಿ. ಇಂಗ್ಲಿಷ್ ಬರಹ ಅವರನ್ನು ‘ಬಾಲೂ’ ಎಂದಿತು. ಮರಾಠಿಯ ಳಕಾರ ಕನ್ನಡಕ್ಕೂ ಉಂಟು, ಅದನ್ನು ಕಳೆಯಲು ಕಾರಣವಿಲ್ಲ.

ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ ಕೆಲಸ, ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಐರೋಪ್ಯರ ಪೂನಾ ಜಿಮಖಾನಾ. ಅಲ್ಲಿ 4 ರೂಪಾಯಿ. ಉರುಳುಗಲ್ಲು ಎಳೆಯಬೇಕು, ಬಲೆ ಕಟ್ಟಬೇಕು, ಸುಣ್ಣದ ಗೆರೆ ಹಾಕಬೇಕು, ಜೊತೆಗೆ ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯಬೇಕು. ಆಗಿನ ಶ್ರೇಷ್ಠ ದಾಂಡಿಗರಲ್ಲೊಬ್ಬನಾದ ಜೆ. ಜಿ. ಗ್ರೆಗ್‌ನಿಗೆ ಬಾಳೂ ಗಂಟೆಗಟ್ಟಲೆ ಎಸೆದರು. ಒಮ್ಮೆ ಔಟ್ ಮಾಡಿದರೆ 8 ಆಣೆ ಇನಾಮು ಎಂಬ ಪ್ರತೀತಿಯಿದೆ. ದಾಂಡು ಹಿಡಿಯುವ ಅವಕಾಶವನ್ನು ಮಾತ್ರ ಯಾರೂ ಕೊಡಲಿಲ್ಲ.

ನಿಖರತೆಯ ಪಾಠಶಾಲೆ ಆ ಬಲೆಯೇ. ಎಡಗೈ ನಿಧಾನ ಬೌಲರನ ಚೆಂಡು ಬಲಗೈ ದಾಂಡಿಗನ ಮಧ್ಯದ ಗೂಟದ ನೇರಕ್ಕೆ ಬಿದ್ದು ಆಫ್ ಕಡೆಗೆ ತಿರುಗಬೇಕು. ಗೇಣಷ್ಟು ಒಳಗೆ ಬಂದರೆ ಲೆಗ್ ಕಡೆಗೆ ಹೊಡೆತ, ಗೇಣಷ್ಟು ಹೊರಗೆ ಹೋದರೆ ಆಡದೆ ಬಿಡುವ ಸೌಕರ್ಯ. ಇಂದು ಚೆಂಡಿನ ಜಾಡನ್ನು ಕ್ಯಾಮೆರಾ ಅಳೆಯುತ್ತದೆ. ಅಂದು ಎದುರಿಗೆ ನಿಂತ ದಾಂಡಿಗನೇ ಅಳತೆಗೋಲು. ತಪ್ಪಿದ ಎಸೆತಕ್ಕೆ ಅಲ್ಲೇ ಶಿಕ್ಷೆ.

ಪುಣೆಯ ಹಿಂದೂ ತಂಡಕ್ಕೆ ಐರೋಪ್ಯರನ್ನು ಸೋಲಿಸಬೇಕಿತ್ತು. ಬಾಳೂ ಬೇಕಾದರು. ಅವರು ಮುಟ್ಟಿದ ಚೆಂಡನ್ನು ಮೈದಾನದಲ್ಲಿ ಎಲ್ಲರೂ ಮುಟ್ಟಿದರು. ಚಹಾದ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಬೇರೆಯೇ ಮಣ್ಣಿನ ಕುಡಿಕೆಯಲ್ಲಿ ಚಹಾ. ಚೆಂಡಿಗೆ ಮೈಲಿಗೆಯಿಲ್ಲ, ಬಟ್ಟಲಿಗೆ ಉಂಟು: ಇದು ಆ ಕಾಲದ ತರ್ಕ.

ಮುಂದೆ ಮುಂಬಯಿ. 1906ರಲ್ಲಿ ಹಿಂದೂಗಳು ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿದ ತಂಡದಲ್ಲಿ ಬಾಳೂ ಇದ್ದರು, ತಮ್ಮ ಶಿವರಾಮನೂ ಇದ್ದನು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಹೆಚ್ಚಾಗಿ ಸೋತೇ ಬಂದಿತು. ಬಾಳೂ ಮಾತ್ರ ಆ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 103 ರನ್ನಿತ್ತು 8. ವಯಸ್ಸು ಆಗ 35.

ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ; ಆ ವೇಳೆಗೆ ಅವರಿಗೆ 56. ಟೆಸ್ಟ್ ತಪ್ಪಿಸಿದ್ದು ಕಾಲ. ಹಿಂದೂ ತಂಡದ ನಾಯಕತ್ವವನ್ನು ತಪ್ಪಿಸಿದ್ದು ಕಾಲವಲ್ಲ. ವರ್ಷ ವರ್ಷವೂ ಮೇಲ್ಜಾತಿಯವರೇ ನಾಯಕರಾದರು. 1920ರಲ್ಲಿ ಬಾಳೂ ಅವರನ್ನು ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲ ಪ್ರತಿಭಟಿಸಿ ಹಿಂದೆ ಸರಿದರು. ಆಮೇಲೆ ಬಾಳೂ ಉಪನಾಯಕರಾದರು, ನಾಯಕ ಎಂ. ಡಿ. ಪೈ ಮೈದಾನದಿಂದ ಹೊರಗೆ ನಡೆದು, ಕೆಲ ಹೊತ್ತು ತಂಡವನ್ನು ಅವರ ಕೈಗೊಪ್ಪಿಸಿದರು. ಪೂರ್ಣ ನಾಯಕತ್ವ 1923ರಲ್ಲಿ ಬಂದದ್ದು ವಿಠ್ಠಲನಿಗೆ.

ಬಾಳೂ ಅವರನ್ನು ತರುಣ ಅಂಬೇಡ್ಕರರು ಅಭಿಮಾನದಿಂದ ಕಂಡಿದ್ದರು. ಮುಂದೆ ದಾರಿಗಳು ಕವಲೊಡೆದವು. 1932ರ ಪುಣೆ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡ್ಕರರ ಎದುರು ನಿಲ್ಲಿಸಿದ್ದು ಬಾಳೂ ಅವರನ್ನೇ, ಅಂಬೇಡ್ಕರರು ಗೆದ್ದರು. 1955ರ ಜುಲೈ 4ರಂದು ಬಾಳೂ ತೀರಿಕೊಂಡರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರು ಪಡೆದದ್ದು 179 ವಿಕೆಟ್, ಒಂದೊಂದಕ್ಕೆ ಕೊಟ್ಟದ್ದು ಸರಾಸರಿ 15.21 ರನ್.