ಬಣ್ಣದಲ್ಲಿ ಪ್ರಾರ್ಥಿಸಿದ ಬ್ರದರ್ ಮೊಸ್ಕೇನಿ

ಮಂಗಳೂರಿನ ಬಾವುಟಗುಡ್ಡೆಯಲ್ಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡದ ಕ್ರೈಸ್ತ ಬಾಂಧವರು ನಮ್ಮ ಕರಾವಳಿಯಲ್ಲಿ ವಿರಳ. ಹೊಳೆಹೊನ್ನೂರು, ಭದ್ರಾವತಿ, ಶಿವಮೊಗ್ಗ ಕಡೆಯಿಂದ ಘಟ್ಟ ಇಳಿದು ಬರುವವರೂ ಅದರ ಒಳಗೆ ಕಾಲಿಟ್ಟೊಡನೆ ಮಾತು ನಿಲ್ಲಿಸಿ ಕತ್ತೆತ್ತಿ ನೋಡುತ್ತಾರೆ. ಆದರೆ ಈ ಚಿತ್ರಗಳನ್ನು ಬರೆದವರು ಯಾರೆಂದು ಕೇಳಿದರೆ, ಇಟಲಿಯವರು ಯಾರೋ ಎಂಬಲ್ಲಿಗೆ ನಮ್ಮಲ್ಲಿ ಅನೇಕರ ಉತ್ತರ ಮುಗಿಯುತ್ತದೆ. ಅವರು ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ.

ಮೊಸ್ಕೇನಿಯವರು 1854ರಲ್ಲಿ ಇಟಲಿಯ ಬೆರ್ಗಮೊ ನಗರದ ಬಳಿಯ ಸ್ತೆಜ್ಜಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಮೊದ ಪ್ರಸಿದ್ಧ ಕರ್ರಾರಾ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ರೋಮಿಗೆ ಹೋಗಿ ಅಲ್ಲಿನ ಮಹಾನ್ ಕಲಾವಿದರ ಕೃತಿಗಳನ್ನು ಅಭ್ಯಾಸ ಮಾಡಿದರು. ಕಲಾವಿದರಾಗಿ ಹೆಸರು ಗಳಿಸುವ ದಾರಿ ಅವರ ಮುಂದೆ ತೆರೆದಿತ್ತು. ಆದರೆ 1889ರಲ್ಲಿ, ತಮ್ಮ ಮೂವತ್ತೈದರ ಪ್ರಾಯದಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಗುರುಗಳಾಗಿ ಅಲ್ಲ, ಸಹೋದರರಾಗಿ. ಬಲಿಪೂಜೆ ಅರ್ಪಿಸುವುದು, ಪೀಠದಲ್ಲಿ ನಿಂತು ಪ್ರಬೋಧನೆ ನೀಡುವುದು ಅವರ ಪಾಲಿಗೆ ಬಂದ ಸೇವೆಯಲ್ಲ. ಕುಂಚವೇ ಅವರ ಪ್ರಬೋಧನೆಯಾಯಿತು.

ಮಂಗಳೂರಿನಲ್ಲಿ ಯೇಸುಸಭೆಯವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದರು. ಇಂದು ಪರಿಗಣಿತ ವಿಶ್ವವಿದ್ಯಾನಿಲಯವಾಗಿರುವ ಈ ಸಂಸ್ಥೆಯ ಪ್ರಾರ್ಥನಾಲಯ ಅದೇ ದಶಕದಲ್ಲಿ ಎದ್ದುನಿಂತಿತು. ಅದರ ಗೋಡೆ, ಕಮಾನು, ಮಾಳಿಗೆಗಳನ್ನು ಚಿತ್ರಗಳಿಂದ ತುಂಬುವ ಹೊಣೆ ಬ್ರದರ್ ಮೊಸ್ಕೇನಿಯವರದ್ದಾಯಿತು. 1899ರಿಂದ 1901ರವರೆಗೆ ಅವರು ಈ ಕೆಲಸದಲ್ಲಿ ಮುಳುಗಿದ್ದರು.

ಗೋಡೆಯ ಚಿತ್ರಗಳು ಫ್ರೆಸ್ಕೊ ಪದ್ಧತಿಯವು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತಾ ಗಟ್ಟಿಯಾದಂತೆ ಬಣ್ಣವೂ ಗೋಡೆಯ ಭಾಗವಾಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಮುಗಿಸಬಹುದಾದಷ್ಟಕ್ಕೇ ಗಾರೆ ಬಳಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಆರಂಭಿಸಬೇಕು. ಮಾಳಿಗೆಯ ಚಿತ್ರಗಳನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ರಚಿಸಲಾಗಿದೆ. ತಾಳ್ಮೆ ಮತ್ತು ಶಿಸ್ತು ಇಲ್ಲದವರಿಂದ ಆಗುವ ಕೆಲಸ ಇದಲ್ಲ.

ಮಾಳಿಗೆಯ ಮೇಲೆ ಅವರು ಹೇಳಿರುವುದು ಸಂತ ಅಲೋಶಿಯಸ್ ಗೊನ್ಜಾಗರ ಕಥೆ. 1568ರಲ್ಲಿ ಅರಸು ಮನೆತನದಲ್ಲಿ ಹುಟ್ಟಿ, ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ಸೋಂಕು ರೋಗಿಗಳ ಸೇವೆ ಮಾಡುತ್ತಾ ತಾವೂ ರೋಗಕ್ಕೆ ತುತ್ತಾಗಿ 1591ರಲ್ಲಿ ತೀರಿಕೊಂಡ ಯುವಕ ಅವರು. ಸುತ್ತಲೂ ಪ್ರೇಷಿತರು, ಸಂತರು, ಹೂಮಾಲೆಗಳು, ಯೇಸುಸ್ವಾಮಿಯ ಜೀವನದ ದೃಶ್ಯಗಳು. ಓದು ಬಾರದ ಭಕ್ತರಿಗೂ ಈ ಗೋಡೆಗಳೇ ಧರ್ಮೋಪದೇಶದ ಪುಸ್ತಕವಾಗಿದ್ದವು. ಹೆಸರು, ಹಣದ ದಾರಿಯನ್ನು ಬಿಟ್ಟುಬಂದ ಕಲಾವಿದನೊಬ್ಬ ಪಟ್ಟವನ್ನೇ ಬಿಟ್ಟುಬಂದ ಸಂತನನ್ನು ಚಿತ್ರಿಸಿದ್ದು ನಮಗೆ ಬರೀ ಆಕಸ್ಮಿಕವೆಂದು ತೋರುವುದಿಲ್ಲ.

ಮಂಗಳೂರಿನಲ್ಲೇ ಜೆಪ್ಪು ಸೆಮಿನರಿಯ ಹಾಗೂ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಪ್ರಾರ್ಥನಾಲಯಗಳಲ್ಲಿಯೂ ಅವರ ಚಿತ್ರಗಳಿವೆ. ಮುಂಬಯಿಯ ಹೋಲಿ ನೇಮ್ ಪ್ರಧಾನಾಲಯದಲ್ಲಿಯೂ ಅವರು ಬರೆದರು. ಕೊನೆಯದಾಗಿ ಕೊಚ್ಚಿಯ ಸಾಂತಾ ಕ್ರೂಜ್ ದೇವಾಲಯ. ಅಲ್ಲಿನ ಕೆಲಸದ ನಡುವೆಯೇ, 1905ರ ನವೆಂಬರ್ 15ರಂದು, 51ರ ಪ್ರಾಯದಲ್ಲಿ ಅವರು ದೈವಾಧೀನರಾದರು. ದೇವಾಲಯದ ಅಭಿಷೇಕ ನಡೆದದ್ದು ಅದಾಗಿ ನಾಲ್ಕೇ ದಿನಕ್ಕೆ.

ಅವರು ಬರೆದ ಮುಖಗಳು ಇಟಲಿಯ ಮುಖಗಳು ಎಂಬ ಮಾತಿದೆ. ಅದು ನಿಜವೂ ಹೌದು. ಅವರು ಬಲ್ಲ ಭಾಷೆ ಅದಾಗಿತ್ತು. ಮುಂದೆ ಗೋವಾ ಮೂಲದ ಆಂಜೆಲೊ ದ ಫೊನ್ಸೆಕಾ ಮರಿಯಮ್ಮನವರನ್ನು ಸೀರೆಯುಟ್ಟ ಭಾರತೀಯ ತಾಯಿಯಾಗಿ ಚಿತ್ರಿಸಿದರು. ಫ್ರಾನ್ಸಿನ ಆಲ್ಫ್ರೆಡ್ ಮಾನೆಸ್ಯೆ 1943ರಲ್ಲಿ ಮಠವೊಂದರಲ್ಲಿ ತಂಗಿ ವಿಶ್ವಾಸಕ್ಕೆ ಮರಳಿದ ಮೇಲೆ, ಮುಖವನ್ನೇ ಬರೆಯದೆ ಬಣ್ಣ, ಬೆಳಕುಗಳಿಂದಲೇ ಕ್ರಿಸ್ತರ ಯಾತನೆಯನ್ನು ಧ್ಯಾನಿಸುವ ಅಮೂರ್ತ ಚಿತ್ರಗಳನ್ನು ರಚಿಸಿದರು; ಬ್ರೆಜೂ ಎಂಬ ಹಳ್ಳಿಯ ಚರ್ಚಿನ ಕಿಟಕಿಗಳಿಗೆ ಅಂತಹದೇ ಬಣ್ಣದ ಗಾಜು ಮಾಡಿಕೊಟ್ಟರು. ನಮ್ಮ ಯುವಕ ಯುವತಿಯರು ಇಂತಹ ಚಿತ್ರ ಬರೆದು ತಂದರೆ ಇದರಲ್ಲಿ ಸ್ವಾಮಿ ಎಲ್ಲಿದ್ದಾರೆ ಎಂದು ನಗುವುದು ಸುಲಭ. ಆದರೆ ಬ್ರದರ್ ಮೊಸ್ಕೇನಿಯವರ ಗೋಡೆಯನ್ನು ಒಮ್ಮೆ ನಿಧಾನವಾಗಿ ನೋಡೋಣ. ಸಂತರ ಮುಖಗಳ ನಡುವೆ ಬಳ್ಳಿ, ಅಂಚು, ಬಣ್ಣದ ಪಟ್ಟಿಗಳಿಗೂ ಅವರು ಅಷ್ಟೇ ಶ್ರದ್ಧೆ ಕೊಟ್ಟಿದ್ದಾರೆ. ಚಿತ್ರ ಪ್ರಾರ್ಥನೆಯಾಗುವುದು ಅದರಲ್ಲಿ ಮುಖವಿದೆ ಎಂಬ ಕಾರಣಕ್ಕಲ್ಲ, ಬರೆದವರ ಸಮರ್ಪಣೆಯಿಂದ.

ಇನ್ನೊಂದು ಮಾತು. ಕರಾವಳಿಯ ಮಳೆ, ತೇವಕ್ಕೆ ಸುಣ್ಣದ ಗೋಡೆ ನಲುಗುತ್ತದೆ. ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳೂ ಮಾಸಿದ್ದವು. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ಶುಚಿಗೊಳಿಸಿ ಉಳಿಸಿಕೊಟ್ಟರು. ಎಲ್ಲ ಚರ್ಚುಗಳಿಗೂ ಇಂತಹ ಭಾಗ್ಯವಿಲ್ಲ. ಹಬ್ಬಕ್ಕೆಂದು ಹಳೆಯ ಚಿತ್ರದ ಮೇಲೆ ಎನಾಮಲ್ ಪೇಂಟ್ ಬಳಿದರೆ, ಗೋಡೆಗೆ ಟೈಲ್ಸ್ ಅಂಟಿಸಿದರೆ, ಹೋದದ್ದು ಮತ್ತೆ ಬರುವುದಿಲ್ಲ. ನವೀಕರಣದ ತೀರ್ಮಾನಕ್ಕೆ ಮೊದಲು ಬಲ್ಲವರೊಬ್ಬರನ್ನು ಕರೆಸಿ ತೋರಿಸುವಂತೆ ಪಾಲನಾ ಪರಿಷತ್ತಿನ ಸದಸ್ಯರಲ್ಲಿ ನಮ್ಮ ವಿನಂತಿ.

ನವೆಂಬರ್ ಮೃತರನ್ನು ಸ್ಮರಿಸುವ ತಿಂಗಳು. ನಮ್ಮ ಪ್ರಾರ್ಥನೆಗಳಲ್ಲಿ ಈ ಸಹೋದರನ ಹೆಸರೂ ಇರಲಿ.