ಲಾರೆನ್ಸ್ ಸ್ಪೆರಿ: ಆಟೋಪೈಲಟ್ ಕಟ್ಟಿದವನು, ಡ್ರೋನ್‌ಗೆ ದಾರಿ ಮಾಡಿದವನು

1914ರ ಜೂನ್ 18. ಪ್ಯಾರಿಸ್ ಪಕ್ಕದ ಬೆಜೋನ್ಸ್‌ನಲ್ಲಿ, ಸೀನ್ ನದಿ ದಂಡೆಯಲ್ಲಿ ಜನ ಸೇರಿದ್ದರು. ವಿಮಾನ ಹಾರಾಟವನ್ನು ಸುರಕ್ಷಿತ ಮಾಡೋಕೆ ಯಾರ ಹತ್ತಿರ ಒಳ್ಳೆಯ ಉಪಾಯ ಇದೆ ಅಂತ ನೋಡುವ ಸ್ಪರ್ಧೆ. ನೀರಿನ ಮೇಲೆ ಇಳಿಯಬಲ್ಲ ಕರ್ಟಿಸ್ ವಿಮಾನವೊಂದು ತೀರ್ಪುಗಾರರ ಮುಂದೆ ಹಾದುಹೋಯಿತು. ಪೈಲಟ್ ಎರಡೂ ಕೈ ಮೇಲೆತ್ತಿ ಕೂತಿದ್ದ. ಮುಂದಿನ ಸುತ್ತಿನಲ್ಲಿ ಜೊತೆಗಿದ್ದ ಫ್ರೆಂಚ್ ಮೆಕ್ಯಾನಿಕ್ ಎಮಿಲ್ ಕಾಶಾಂ ಹೊರಗೆ ಬಂದು ರೆಕ್ಕೆಯ ಮೇಲೆ ನಡೆದುಹೋದ. ಒಂದು ಕಡೆ ಭಾರ ಬಿದ್ದರೆ ಆಗಿನ ವಿಮಾನ ಮಗುಚಿಬೀಳಬೇಕಿತ್ತು. ಬೀಳಲಿಲ್ಲ. ಅದರ ಮುಂದಿನ ಸುತ್ತಿಗೆ ಪೈಲಟ್ಟೂ ಸೀಟು ಬಿಟ್ಟು ಇನ್ನೊಂದು ರೆಕ್ಕೆಗೆ ಹೋಗಿ ನಿಂತ.

ಆ ಪೈಲಟ್ ಲಾರೆನ್ಸ್ ಸ್ಪೆರಿ, ವಯಸ್ಸು 21. ಬಹುಮಾನ 50,000 ಫ್ರಾಂಕ್. ಇವತ್ತು ನಾವು ಆಟೋಪೈಲಟ್ ಅನ್ನೋದು ಜಗತ್ತಿಗೆ ಪರಿಚಯವಾದದ್ದು ಹೀಗೆ.

ಲಾರೆನ್ಸ್ ಹುಟ್ಟಿದ್ದು 1892ರಲ್ಲಿ, ಷಿಕಾಗೋದಲ್ಲಿ. ಅಪ್ಪ ಎಲ್ಮರ್ ಸ್ಪೆರಿ ಆಗಲೇ ಹೆಸರು ಮಾಡಿದ್ದ ಸಂಶೋಧಕ. ಹಡಗುಗಳಿಗೆ ಗೈರೋ ದಿಕ್ಸೂಚಿ ಮಾಡಿಕೊಟ್ಟವನು. ಅಮೆರಿಕದ ನೌಕಾಪಡೆ ಅವನ ದೊಡ್ಡ ಗಿರಾಕಿ. ಈ ವಿವರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮಗನಿಗೆ ಓದಿಗಿಂತ ಹಾರಾಟದ ಹುಚ್ಚು. ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ ಗ್ಲೆನ್ ಕರ್ಟಿಸ್‌ನ ವಿಮಾನಗಳ ಜೊತೆ ಕೆಲಸ ಮಾಡುತ್ತಾ, ಅಪ್ಪನ ಗೈರೋಸ್ಕೋಪನ್ನು ವಿಮಾನಕ್ಕೆ ಜೋಡಿಸೋ ಹಟ ಹಿಡಿದ.

ಗೈರೋಸ್ಕೋಪ್ ಅಂದರೆ ಹೆಚ್ಚೇನಲ್ಲ, ಬುಗುರಿಯ ಅಣ್ಣ. ಜೋರಾಗಿ ತಿರುಗುವ ಬುಗುರಿ ಸುಲಭಕ್ಕೆ ವಾಲುವುದಿಲ್ಲ. ಅಂಥದೊಂದು ಚಕ್ರವನ್ನು ಎತ್ತ ಬೇಕಾದರೂ ಓಲಾಡುವ ಚೌಕಟ್ಟಿನಲ್ಲಿ ಕೂರಿಸಿದರೆ, ಸುತ್ತಲಿನ ವಿಮಾನ ವಾಲಿದರೂ ಚಕ್ರ ತನ್ನ ದಿಕ್ಕು ಬಿಡುವುದಿಲ್ಲ. ವಿಮಾನಕ್ಕೂ ಚಕ್ರಕ್ಕೂ ನಡುವೆ ಆದ ವ್ಯತ್ಯಾಸವೇ ವಿಮಾನ ಎಷ್ಟು ವಾಲಿದೆ ಅನ್ನುವ ಅಳತೆ. ಆ ವ್ಯತ್ಯಾಸವೇ ರೆಕ್ಕೆ, ಬಾಲದ ಮಡಿಕೆ ಹಲಗೆಗಳನ್ನು ತಿರುಗಿಸಿ ವಿಮಾನವನ್ನು ಸರಿದಾರಿಗೆ ತರುತ್ತೆ. ಕಾಶಾಂ ರೆಕ್ಕೆ ಮೇಲೆ ಹೋದಾಗ ಆಗಿದ್ದು ಇಷ್ಟೇ.

ಕೇಳೋಕೆ ಸಲೀಸು. ಮಾಡೋದು ಕಷ್ಟ. ಹೊಸದಾಗಿ ಸೈಕಲ್ ಕಲಿಯುವವರನ್ನು ನೋಡಿ: ಎಡಕ್ಕೆ ವಾಲಿದೆ ಅಂತ ಹ್ಯಾಂಡಲ್ ಬಲಕ್ಕೆ ಜಾಸ್ತಿ ತಿರುಗಿಸ್ತಾರೆ, ಆಮೇಲೆ ಮತ್ತೆ ಎಡಕ್ಕೆ, ಕೊನೆಗೆ ಚರಂಡಿಗೆ. ವಿಮಾನ ಸರಿಯಾಗುತ್ತಾ ಬಂದ ಹಾಗೆ ತಿದ್ದುವ ಕೈಯೂ ಸಡಿಲವಾಗಬೇಕು. ಇಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ಫೀಡ್‌ಬ್ಯಾಕ್ ಅನ್ನುವ ಪಾಠ. ಸ್ಪೆರಿಗಳ ಕಾಲಕ್ಕೆ ಅದಿನ್ನೂ ಪಠ್ಯವಾಗಿರಲಿಲ್ಲ, ಮಾಡಿ ನೋಡಿಯೇ ಕಂಡುಕೊಂಡರು.

ಆ ಪಾಠದಲ್ಲಿ ಸೆಟ್ ಪಾಯಿಂಟ್ ಅಂತ ಒಂದಿರುತ್ತೆ. ಯಂತ್ರ ತಲುಪಬೇಕಾದ ಗುರಿ. ಯಂತ್ರ ಗುರಿಗೂ ತನಗೂ ಇರುವ ಅಂತರ ಕಡಿಮೆ ಮಾಡುತ್ತೆ, ಅಷ್ಟೇ ಅದರ ಕೆಲಸ. ಗುರಿ ಯಾರು ಇಟ್ಟರು, ಯಾಕೆ ಇಟ್ಟರು ಅನ್ನೋದು ಸಮೀಕರಣದ ಹೊರಗೆ. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ.

ಬೆಜೋನ್ಸ್ ಪ್ರದರ್ಶನವಾಗಿ ಹತ್ತೇ ದಿನಕ್ಕೆ ಸರಾಯೆವೋದಲ್ಲಿ ಗುಂಡು ಹಾರಿತು. ಯುರೋಪ್ ಯುದ್ಧಕ್ಕೆ ಬಿತ್ತು. ಎಲ್ಮರ್ ಸ್ಪೆರಿ ಮತ್ತು ಪೀಟರ್ ಕೂಪರ್ ಹ್ಯೂವಿಟ್ ಅನ್ನುವ ಇನ್ನೊಬ್ಬ ಸಂಶೋಧಕ ಸೇರಿ ಹೊಸ ಯೋಚನೆ ಮಾಡಿದರು: ವಿಮಾನ ತಾನೇ ಹಾರುವುದಾದರೆ ಒಳಗೆ ಮನುಷ್ಯ ಯಾಕೆ ಬೇಕು? ಅವನ ಜಾಗದಲ್ಲಿ ಸ್ಫೋಟಕ ತುಂಬಿದರೆ? 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ನೌಕಾಪಡೆ ದುಡ್ಡು ಕೊಟ್ಟಿತು. ದಿಕ್ಕಿಗೆ ಗೈರೋ, ಎತ್ತರಕ್ಕೆ ವಾಯುಭಾರ ಮಾಪಕ, ದೂರ ಲೆಕ್ಕ ಹಾಕಲು ಒಂದು ಸಾಧನ. ದೂರ ಮುಗಿದ ಕೂಡಲೇ ನೆಲಕ್ಕೆ ಧುಮುಕಬೇಕು.

ಪ್ರಯೋಗದ ಮುಂದಾಳು ಲಾರೆನ್ಸೇ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ವಿಮಾನವನ್ನು ಕಾರಿನ ಮೇಲೆ ಕಟ್ಟಿ ರಸ್ತೆಯಲ್ಲಿ ಓಡಿಸಿ ಪರೀಕ್ಷೆ ಮಾಡಿದ. 1918ರ ಮಾರ್ಚ್ 6ರಂದು ಪೈಲಟ್ ಇಲ್ಲದ ವಿಮಾನ ಸುಮಾರು 900 ಮೀಟರ್ ಹಾರಿ, ಹೇಳಿದ ಜಾಗಕ್ಕೆ ಬಿತ್ತು. ಆಮೇಲಿನ ಪ್ರಯತ್ನಗಳು ಹೆಚ್ಚಿನವು ಕೈಕೊಟ್ಟವು. ಯುದ್ಧ ಮುಗಿಯುವವರೆಗೆ ಈ ಹಾರುವ ಬಾಂಬ್ ಯಾರನ್ನೂ ಕೊಲ್ಲಲಿಲ್ಲ. ಆದರೆ ಉಕ್ರೇನ್‌ನಲ್ಲಿ, ಗಾಜಾದಲ್ಲಿ ಈಗ ಆಕಾಶ ನೋಡಿ ಹೆದರುವ ಜನರ ಕಥೆಯ ಮೊದಲ ಪುಟ ಇಲ್ಲೇ ಇದೆ.

ಲಾರೆನ್ಸ್‌ನನ್ನು ಖಳ ಅನ್ನೋದು ನನ್ನ ಉದ್ದೇಶ ಅಲ್ಲ. ತನ್ನ ಯಂತ್ರದ ಮೇಲೆ ಮೊದಲು ತನ್ನ ಜೀವವನ್ನೇ ಪಣಕ್ಕಿಟ್ಟವನು ಆತ. ನನಗೆ ಇರಿಸುಮುರಿಸು ಆಗೋದು ಗಿರಾಕಿಯ ವಿಷಯದಲ್ಲಿ. ಜೀವ ಉಳಿಸೋಕೆ ಅಂತ ಬಹುಮಾನ ಗೆದ್ದ ಸಾಧನ ಪ್ರಯಾಣಿಕರ ಕೈಗೆ ಸಿಗೋದಕ್ಕೆ ಬಹಳ ವರ್ಷ ಮೊದಲೇ ಸೇನೆಯ ಕೈಗೆ ಹೋಯಿತು. ಸುರಕ್ಷತೆ ಕೊಳ್ಳುವವರು ಆಗ ಯಾರೂ ಇರಲಿಲ್ಲ. ಬಾಂಬ್ ಕೊಳ್ಳುವವರು ಚೆಕ್ ಬರೆದುಕೊಂಡೇ ಬಂದಿದ್ದರು. ತಂತ್ರಜ್ಞಾನ ತಟಸ್ಥ ಅಂತ ವಾದ ಮಾಡುವ ಗೆಳೆಯರು ನನಗೂ ಇದ್ದಾರೆ. ಬಜೆಟ್ ತಟಸ್ಥ ಅಲ್ಲ ಮಾರಾಯ್ರೆ.

ಯುದ್ಧದ ನಂತರ ಆತ ಮೆಸೆಂಜರ್ ಎಂಬ ಪುಟ್ಟ ವಿಮಾನ ಕಟ್ಟಿದ. 1922ರಲ್ಲಿ ಅದನ್ನು ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲ ಮುಂದೆಯೇ ಇಳಿಸಿದ. ಮೆಸೆಂಜರ್‌ನಲ್ಲೂ ಸೇನೆಗಾಗಿ ಪೈಲಟ್ ಇಲ್ಲದ ಬಾಂಬಿನ ಪ್ರಯೋಗ ನಡೆಯಿತು. 1923ರ ಡಿಸೆಂಬರ್ 13ರಂದು ಅಂಥದೇ ವಿಮಾನದಲ್ಲಿ ಮಂಜು ಕವಿದ ಇಂಗ್ಲಿಷ್ ಕಾಲುವೆ ದಾಟಲು ಒಬ್ಬನೇ ಹೊರಟ. ದಡ ಸೇರಲಿಲ್ಲ. ಶವ ಸಿಕ್ಕಿದ್ದು ಮುಂದಿನ ಜನವರಿಯಲ್ಲಿ. 31 ತುಂಬೋಕೆ ಇನ್ನೂ ಎಂಟು ದಿನ ಇತ್ತು.

ಅಪ್ಪ ಎಲ್ಮರ್ 1930ರಲ್ಲಿ ತೀರಿಕೊಂಡ. 1933ರಲ್ಲಿ ವೈಲಿ ಪೋಸ್ಟ್ ಎಂಬ ಒಕ್ಕಣ್ಣಿನ ಪೈಲಟ್ ಏಕಾಂಗಿಯಾಗಿ ವಿಮಾನದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ, ಎಂಟು ದಿನದೊಳಗೆ ನ್ಯೂಯಾರ್ಕ್‌ಗೆ ವಾಪಸ್ ಬಂದ. ಜೊತೆಗಿದ್ದದ್ದು ಸ್ಪೆರಿ ಕಂಪನಿಯ ಆಟೋಪೈಲಟ್.